ಏಳು ಸೀಲಿನ ಲ್ಯಾಪ್‌ಟಾಪು

ಸೀಲಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಮನುಷ್ಯ ಕೋರ್ಟಿನ ಜಪ್ತಿ ಮಾಲುಗಳ ಕೋಣೆಯ ಗುಮಾಸ್ತ. ಕಳ್ಳನ ಕೈಯಿಂದ ಕಿತ್ತುಕೊಂಡ ಸುತ್ತಿಗೆಯಿರಲಿ, ಜಗಳದಲ್ಲಿ ಹರಿದ ಅಂಗಿಯಿರಲಿ, ಪೊಲೀಸರು ತಂದುಕೊಟ್ಟದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಹೊಲಿಗೆಯ ಮೇಲೆ ಕೆಂಪು ಅರಗು ಕರಗಿಸಿ, ಹಿತ್ತಾಳೆಯ ಮೊಹರು ಒತ್ತಿ ಕಪಾಟಿನಲ್ಲಿಡುವುದು ಅವರ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಅವರು ಹಾಕಿದ ಒಂದೇ ಒಂದು ಸೀಲು ಅಪ್ಪಣೆಯಿಲ್ಲದೆ ಒಡೆದಿರಲಿಲ್ಲ. ಈ ಸಂಗತಿಯನ್ನು ಅವರು ಪರಿಚಯವಾದವರಿಗೆ ಐದು ನಿಮಿಷದೊಳಗೆ ಹೇಳುತ್ತಿದ್ದರು. ಪರಿಚಯವೇ ಇಲ್ಲದವರಿಗೆ ಎರಡು ನಿಮಿಷ ಸಾಕಾಗುತ್ತಿತ್ತು.

ಇಂಥವರ ಮನೆಗೆ ಲ್ಯಾಪ್‌ಟಾಪ್ ಬಂತು. ಡಬ್ಬ ಬಿಚ್ಚಿದ ಕೂಡಲೇ ಸೀಲಪ್ಪನವರು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಸೀಲು ಎಲ್ಲಿ ಹಾಕೋದು?" ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವರ ಹೆಂಡತಿಯ ತಮ್ಮ, ಭಾವನ ಕಾಟ ತಪ್ಪಿದರೆ ಸಾಕೆಂದು ಬ್ರೌಸರಿಗೆ 'ದ್ವಾರಪಾಲ' ಎಂಬ ಒಂದು ಎಕ್ಸ್‌ಟೆನ್ಷನ್ ಹಾಕಿಕೊಟ್ಟ. ಬ್ರೌಸರ್ ಮಾಡಿದವರೇ ಬೇರೆ, ಇದನ್ನು ಮಾಡಿದವರೇ ಬೇರೆ. ಹೊರಗಿನಿಂದ ತಂದು ಅಂಟಿಸಿಕೊಳ್ಳುವ ಕಾವಲು ಅದು. ತೆರೆಯ ಮೂಲೆಯಲ್ಲಿ ಒಂದು ಪುಟ್ಟ ಹಸಿರು ಗುರಾಣಿ ಮೂಡಿತು. ಸೀಲಪ್ಪನವರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಂದಿನಿಂದ ಬೀದಿಗೆಲ್ಲ ಅವರೇ ಕಂಪ್ಯೂಟರ್ ಭದ್ರತೆಯ ಪಂಡಿತರು. ಕ್ಷೌರಕ್ಕೆ ಹೋದರೆ ಕತ್ತು ಬಗ್ಗಿಸಿಕೊಂಡೇ ಕ್ಷೌರಿಕನನ್ನು ವಿಚಾರಿಸುತ್ತಿದ್ದರು: "ಗುರಾಣಿ ಹಾಕಿಸ್ಕೊಂಡ್ಯೇನಯ್ಯಾ? ಇನ್ನೂ ಇಲ್ವಾ? ಬಾಗಿಲು ತೆಗೆದಿಟ್ಟು ನಿದ್ದೆ ಮಾಡೋನು ನೀನು!"

ಈಗ ಆ ಗುರುವಾರಕ್ಕೆ ಬರೋಣ. ಸೀಲಪ್ಪನವರ ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹತ್ತೊಂಬತ್ತು ವರ್ಷದಿಂದ ಅಲ್ಲೇ. ಎರಡು ವರ್ಷ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕವಿಟ್ಟುಕೊಂಡು ಓದಿ, ನರ್ಸಿಂಗ್ ಪ್ರವೇಶ ಪರೀಕ್ಷೆ ಪಾಸು ಮಾಡಿ, ಸೀಟು ಗಿಟ್ಟಿಸಿದ್ದಳು. ಆ ಸೀಟು ತನಗೆ ಬೇಕು ಎಂದು ಅಂದು ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡಬೇಕು. ಐದು ದಾಟಿದರೆ ಸೀಟು ಪಟ್ಟಿಯಲ್ಲಿ ಅವಳ ನಂತರ ಇದ್ದವರ ಪಾಲು. ಮುಂದಿನ ವರ್ಷ ನೋಡೋಣ ಎಂದರೆ, ಅವಳಿಗೆ ಬರುವ ತಿಂಗಳು ನಲವತ್ತೈದು ತುಂಬುತ್ತಿತ್ತು. ಆಮೇಲೆ ಅರ್ಜಿ ಹಾಕುವಂತೆಯೇ ಇರಲಿಲ್ಲ.

"ಎರಡು ಗಂಟೆಗೆ ಡ್ಯೂಟಿ ಮುಗಿಸಿ ಬರ್ತೀನಿ," ಎಂದಳು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ. "ಆ ಗುಂಡಿ ನಾನೇ ಒತ್ತಬೇಕು. ಕಾಗದದ ಫೈಲು ಪಕ್ಕದಲ್ಲೇ ಇದೆ. ರೀ, ಕೈ ಮುಗೀತೀನಿ, ಆ ಮಿಷನ್ ಹತ್ರ ಹೋಗ್ಬೇಡಿ."

"ನಾನ್ಯಾಕೆ ಹೋಗ್ಲಿ?" ಎಂದರು ಸೀಲಪ್ಪನವರು. ಹೆಂಡತಿಗೆ ಜೊತೆಯಾಗಿರಲೆಂದು ಅಂದು ರಜೆ ಬೇರೆ ಹಾಕಿದ್ದರು. ಅವಳು ಮೆಟ್ಟಿಲಿಳಿದು ಬೀದಿಯ ತಿರುವು ದಾಟುವುದರೊಳಗೆ ಲ್ಯಾಪ್‌ಟಾಪ್ ತೆರೆದರು. ತಪ್ಪು ತಿಳಿಯಬೇಡಿ, ಎಲ್ಲ ಭದ್ರವಾಗಿದೆಯೇ ಎಂದು ನೋಡಲಷ್ಟೇ.

ಭದ್ರವಾಗಿರಲಿಲ್ಲ. ಹಸಿರು ಗುರಾಣಿ ಬೂದು ಬಣ್ಣಕ್ಕೆ ತಿರುಗಿತ್ತು. ತೆರೆಯ ಮೇಲೆ ಬರೆದಿತ್ತು: "ನಿಮ್ಮ ಬ್ರೌಸರ್ ಅಪ್‌ಡೇಟ್ ಆಗಿದೆ. 'ದ್ವಾರಪಾಲ' ಹೊಸ ನಿಯಮಗಳಿಗೆ ಹೊಂದುವುದಿಲ್ಲ. ಆದ್ದರಿಂದ ಅದನ್ನು ನಿಷ್ಕ್ರಿಯಗೊಳಿಸಲಾಗಿದೆ."

ಸೀಲಪ್ಪನವರು ಅದನ್ನು ಎರಡು ಸಲ ಓದಿದರು. ನಿಷ್ಕ್ರಿಯಗೊಳಿಸಲಾಗಿದೆ! ಯಾರಿಂದ? ಯಾರ ಅಪ್ಪಣೆಯ ಮೇರೆಗೆ? ಸಹಿ ಎಲ್ಲಿ? ತಾರೀಖು ಎಲ್ಲಿ? ಅವರು ಭಾವಮೈದುನನಿಗೆ ಫೋನು ಮಾಡಿದ ದನಿ ಕೇಳಿ, ಪಾಪ, ಅವನು ಯಾರೋ ಸತ್ತೇಹೋದರೆಂದುಕೊಂಡು ಅರ್ಧ ಹಲ್ಲುಜ್ಜಿಕೊಂಡೇ ಓಡಿಬಂದ.

"ಇಷ್ಟೇನಾ!" ಎಂದ ತೆರೆ ನೋಡಿ. "ಭಾವ, ಬ್ರೌಸರಿನವರು ಎಕ್ಸ್‌ಟೆನ್ಷನ್ನುಗಳಿಗೆ ಹೊಸ ರೂಲ್ಸ್ ಮಾಡಿದಾರೆ. ಹಳೇವು ಅದಕ್ಕೆ ಹೊಂದಲ್ಲ, ತಾನೇ ಆಫ್ ಮಾಡುತ್ತೆ. ಎಲ್ಲಾರ್ದೂ ಹೋಗಿದೆ. ದ್ವಾರಪಾಲ ಮಾಡಿದವರು ಹೊಸದಾಗಿ ಬರೀಬೇಕು, ಅವರು ಬರೆದಿಲ್ಲ. ಬೇರೆ ಒಂದು ಹಾಕಿದ್ರಾಯ್ತು. ಬ್ರೌಸರಿಗೆ ಅದರದ್ದೇ ಒಂದು ಕಾವಲೂ ಇದೆ."

"ಮನೆ ಯಜಮಾನನಿಗೆ ಹೇಳದೆ ಕಾವಲುಗಾರನನ್ನ ಕೆಲಸದಿಂದ ತೆಗೆದವನು ಕಳ್ಳನಲ್ಲದೆ ಇನ್ಯಾರೋ? ನಿನ್ನೆ ಸಂಜೆ ಈ ಮಿಷನ್ ಮುಟ್ಟಿದ್ಯಾರು?"

"ನಾನೇ. ಮ್ಯಾಚ್ ನೋಡಿದೆ."

"ಬರ್ಕೋತೀನಿ," ಎಂದು ಸೀಲಪ್ಪನವರು ನಿಜವಾಗಿಯೂ ಬರೆದುಕೊಂಡರು.

ಅಲ್ಲಿಂದ ಮುಂದೆ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು, ಅದೇ ಗ್ರಹಚಾರ. ಕಂಡದ್ದನ್ನು ಕಂಡ ಹಾಗೆ ಬರೆದು ಸಾಕ್ಷಿಗಳ ಸಹಿ ಹಾಕಿಸುವ ಕಾಗದಕ್ಕೆ ಮಹಜರು ಎನ್ನುತ್ತಾರೆ. ಅದಕ್ಕೆ ಸಾಕ್ಷಿಗಳು ಇಬ್ಬರು ಬೇಕು. ಕೆಳಗಿನ ಕ್ಷೌರಿಕನನ್ನು ಎಳೆದು ತಂದರು. ಅವನ ಗಿರಾಕಿ ಒಂದು ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಬಾಗಿಲಿನಿಂದ ಇಣುಕಿ ನೋಡುತ್ತಿದ್ದ. ಮೇಲಿನ ಮಹಡಿಯ ಅಜ್ಜಿಯನ್ನೂ ಕರೆಸಿದರು.

"ಏನಪ್ಪಾ ಕಳುವಾಗಿದ್ದು?" ಎಂದರು ಅಜ್ಜಿ.

"ಏನೂ ಇಲ್ಲ ಅಜ್ಜಿ. ಆದ್ರೆ ಆಗಬಹುದಾಗಿತ್ತು."

"ಹಾಗಾದ್ರೆ ನಮ್ಮನೇಲೂ ಆಗಬಹುದಾಗಿತ್ತಲ್ಲಪ್ಪಾ!" ಎಂದು ಅಜ್ಜಿ ಗಾಬರಿಯಾಗಿ, ಸಹಿ ಹಾಕಿದ್ದೇ ಮೇಲೆ ಹೋಗಿ ಬಾಗಿಲಿಗೆ ಎರಡು ಚಿಲಕ ಹಾಕಿಕೊಂಡರು.

"ಬೂದು ಬಣ್ಣಕ್ಕೆ ತಿರುಗಿದ ಗುರಾಣಿ, ಒಂದು. ಲ್ಯಾಪ್‌ಟಾಪ್, ಒಂದು. ಸದರಿ ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಕಾಗದದ ಫೈಲು, ಒಂದು," ಎಂದು ಮಹಜರು ಸಿದ್ಧವಾಯಿತು. ಹೆಂಡತಿ ಮಡಿಸಿಟ್ಟಿದ್ದ ಹೊಸ ಬಿಳಿ ಮಂಚದ ಹೊದಿಕೆ ಹೊರಗೆ ಬಂತು. ಲ್ಯಾಪ್‌ಟಾಪೂ ಫೈಲೂ ಅದರೊಳಗೆ ಹೋದವು. ಮನೆಯಲ್ಲಿ ಯಾವತ್ತೂ ಇರುತ್ತಿದ್ದ ಅರಗಿನ ಕಡ್ಡಿ, ಮೊಹರು, ಮೇಣದ ದಾರ ಹೊರಬಂದವು. ಒಂದಲ್ಲ ಎರಡಲ್ಲ, ಏಳು ಸೀಲು ಬಿದ್ದವು.

"ಭಾವ, ಅಕ್ಕನ ಸೀಟಿಗೆ ಇವತ್ತೇ ಕೊನೇ ದಿನ," ಭಾವಮೈದುನ ತಲೆಯ ಮೇಲೆ ಕೈಹೊತ್ತು ಹೇಳಿದ.

"ಅದಕ್ಕೇ ಕಣೋ! ಎರಡು ವರ್ಷ ನಿದ್ದೆಗೆಟ್ಟು ಓದಿದಾಳೆ. ಆ ಸೀಟು ಯಾವನೋ ಕಳ್ಳನ ಕೈಗೆ ಹೋಗೋಕೆ ನಾನು ಬಿಡ್ತೀನಾ? ಹನ್ನೆರಡರೊಳಗೆ ಪೊಲೀಸರ ಹತ್ರ ತನಿಖೆ ಮಾಡಿಸಿ ಇಲ್ಲೇ ತಂದಿಡ್ತೀನಿ. ನಾನು ಬದುಕಿರೋವರೆಗೂ ಅವಳ ಸೀಟಿಗೆ ಯಾರೂ ಕೈ ಹಚ್ಚೋಕಾಗಲ್ಲ!"

ಆ ಮಾತಿನಲ್ಲಿ ಒಂದಿಷ್ಟೂ ನಟನೆಯಿರಲಿಲ್ಲ. ಹೆಂಡತಿ ಪಾಸಾದ ದಿನ ಈ ಮನುಷ್ಯ ಕಪಾಟಿನ ಸಂದಿಗೆ ಹೋಗಿ ಗಳಗಳ ಅತ್ತಿದ್ದರು. ಗಂಟನ್ನು ಎದೆಗವಚಿಕೊಂಡು ಅವರು ಠಾಣೆಯ ಕಡೆ ನಡೆದರು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಒಬ್ಬರೇ ಕೂತು ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತಿದ್ದರು. ಕೋರ್ಟಿಗೆ ಮಾಲು ತರುವ ಅವರಿಗೆ ಸೀಲಪ್ಪನವರ ಪರಿಚಯ ಚೆನ್ನಾಗಿಯೇ ಇತ್ತು. ಕಟ್ಟಿ ತಂದ ಗಂಟಿನ ದಾರದ ತುದಿ ಅರ್ಧ ಇಂಚು ಉದ್ದವಾಯಿತೆಂದು ಸೀಲಪ್ಪನವರು ಅವರನ್ನು ಮೂರು ಸಲ ವಾಪಸು ಕಳಿಸಿದ್ದರಲ್ಲ.

"ಏನು ಕಳುವಾಗಿದೆ?"

"ಏನೂ ಆಗಿಲ್ಲ."

"ಯಾರ ಮೇಲೆ ಅನುಮಾನ?"

"ಅಪ್‌ಡೇಟ್ ಮೇಲೆ."

"ಅಪ್ಪನ ಹೆಸರು? ವಿಳಾಸ?"

"ಸಾರ್, ಅದು ಮನುಷ್ಯ ಅಲ್ಲ."

"ಅಷ್ಟು ನನಗೂ ಗೊತ್ತು ಸ್ವಾಮಿ. ಮನುಷ್ಯ ಅಲ್ಲದವನನ್ನ ಎಲ್ಲಿಂದ ಹಿಡ್ಕೊಂಡ್ ಬರ್ಲಿ, ಅದನ್ನ ನೀವೇ ಹೇಳಿ." ಹೆಡ್ ಕಾನ್‌ಸ್ಟೇಬಲ್ ತಮ್ಮ ಕಂಪ್ಯೂಟರನ್ನು ಈ ಕಡೆ ತಿರುಗಿಸಿದರು. "ನೋಡಿ, ನಮ್ದೂ ಹೋಗಿ ತಿಂಗಳಾಯ್ತು."

ಮೂಲೆಯಲ್ಲಿ ಬೂದು ಗುರಾಣಿ! ಪೊಲೀಸ್ ಠಾಣೆಯಲ್ಲೇ! ಸೀಲಪ್ಪನವರ ಕೈ ತಾನಾಗಿಯೇ ಜೇಬಿನ ಅರಗಿನ ಕಡ್ಡಿಯತ್ತ ಹೋಯಿತು. ಬೆಂಕಿಪೊಟ್ಟಣವೂ ಹೊರಬಂತು.

"ಸರ್ಕಾರಿ ಮಿಷನ್ ಮೇಲೆ ಒಂದೇ ಒಂದು ತೊಟ್ಟು ಅರಗು ಬಿದ್ರೆ," ಹೆಡ್ ಕಾನ್‌ಸ್ಟೇಬಲ್ ಬಹಳ ಸಾವಕಾಶವಾಗಿ ಹೇಳಿದರು, "ನಿಮ್ಮನ್ನೇ ಬಟ್ಟೇಲಿ ಸುತ್ತಿ ನಿಮ್ಮ ಕೋಣೆಗೇ ಕಳಿಸ್ತೀನಿ. ಗಂಟು ತಗೊಂಡ್ ಹೋಗಿ ಸ್ವಾಮಿ ಇಲ್ಲಿಂದ!"

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗುತ್ತಿದ್ದರು. ಸೀಲಪ್ಪನವರು ಹಲ್ಲು ಕಚ್ಚಿದರು. ಪೊಲೀಸರನ್ನು ನಂಬುವಂತಿಲ್ಲ, ಮನೆಯನ್ನು ನಂಬುವಂತಿಲ್ಲ. ತನಿಖೆಗೆ ಬೇರೆ ದಾರಿ ಹುಡುಕುವವರೆಗೆ ಈ ಊರಿನಲ್ಲಿ ಭದ್ರವಾದ ಜಾಗ ಒಂದೇ ಒಂದು. ಅದರ ಬೀಗದ ಕೈ ಅವರ ಸೊಂಟದಲ್ಲೇ ಇತ್ತು.

ರಜೆಯ ಮೇಲಿದ್ದ ಗುಮಾಸ್ತ ಹನ್ನೆರಡೂವರೆಗೆ ಕೋರ್ಟಿಗೆ ಬಂದರು. ಕೌಂಟರಿನ ಈಚೆ ನಿಂತು ಮಾಲು ಒಪ್ಪಿಸುವವರ ಜಾಗದಲ್ಲಿ ಸಹಿ ಹಾಕಿದರು. ಸುತ್ತು ಬಳಸಿ ಕೌಂಟರಿನ ಆಚೆ ಹೋದರು. ಕನ್ನಡಕ ಏರಿಸಿ ಏಳು ಸೀಲುಗಳನ್ನೂ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ತಲೆಯಾಡಿಸಿ, ಪಡೆದವರ ಜಾಗದಲ್ಲಿ ಸಹಿ ಹಾಕಿ ರಸೀದಿ ಹರಿದರು. ಮತ್ತೆ ಸುತ್ತು ಬಳಸಿ ಈಚೆ ಬಂದು ರಸೀದಿ ಪಡೆದುಕೊಂಡರು. ಗಂಟು ಮೂರು ಬೀಗದ ಕಪಾಟು ಸೇರಿತು. ಸೀಲಪ್ಪನವರು ನೆಮ್ಮದಿಯ ಉಸಿರು ಬಿಟ್ಟು ಕಣ್ಣೆತ್ತಿದರು. ಎದುರಿನ ಗೋಡೆಯ ಮೇಲೆ ಅವರದೇ ದುಂಡು ಅಕ್ಷರದ ಫಲಕವಿತ್ತು: "ಒಮ್ಮೆ ಒಳಬಂದ ಮಾಲು ನ್ಯಾಯಾಧೀಶರ ಲಿಖಿತ ಆದೇಶವಿಲ್ಲದೆ ಹೊರಹೋಗತಕ್ಕದ್ದಲ್ಲ. ಯಾರೇ ಆಗಿರಲಿ."

'ಯಾರೇ ಆಗಿರಲಿ' ಎನ್ನುವುದು ನಿಯಮದಲ್ಲಿರಲಿಲ್ಲ. ಅದನ್ನು ಸೀಲಪ್ಪನವರೇ ಪ್ರೀತಿಯಿಂದ ಸೇರಿಸಿದ್ದರು. ಈಗ ಆ ಮಾತು ಅವರಿಗೂ ಅನ್ವಯಿಸುತ್ತಿತ್ತು.

ಓಡಿದರು ಹೆಡ್ ಕ್ಲರ್ಕರ ಬಳಿ. ಆದೇಶಕ್ಕೆ ಕಾಗದ ನ್ಯಾಯಾಧೀಶರ ಮುಂದಿಡುವವರು ಅವರೇ. ಹೆಡ್ ಕ್ಲರ್ಕು ಊಟದ ಡಬ್ಬಿ ಮುಚ್ಚಿ, ಕೈ ತೊಳೆದು, ಒರೆಸಿಕೊಂಡು, ಹಲ್ಲುಕಡ್ಡಿ ಹುಡುಕಿ, ಆಮೇಲೆ ಕೇಳಿದರು, "ಕೇಸ್ ನಂಬರ್?"

"ಕೇಸ್ ಇಲ್ಲ ಸಾರ್."

"ಕೇಸ್ ಇಲ್ಲದೆ ಮಾಲು ಒಳಗೆ ಹೇಗೆ ತಗೊಂಡ್ರಿ?"

"ನನ್ನದೇ ಅಂತ…"

"ಹೋದ ವರ್ಷ ನನ್ನ ಸೈಕಲ್ ಕಳುವಾಗಿ ಸಿಕ್ತಲ್ಲ, ನೆನಪಿದ್ಯಾ? ನಾನು ನಿಮ್ಮ ಕೌಂಟರ್ ಮುಂದೆ ನಿಂತು 'ನನ್ನದೇ ಕಣ್ರೀ' ಅಂದೆ. ನೀವೇನಂದ್ರಿ?"

ಸೀಲಪ್ಪನವರು ಮೇಜಿನ ಮೇಲಿದ್ದ ಕಾಗದಗಳನ್ನು ನೇರ ಮಾಡತೊಡಗಿದರು.

"'ನನ್ನದು ಅಂತ ಎಲ್ಲ ಕಳ್ಳರೂ ಹೇಳ್ತಾರೆ' ಅಂದ್ರಿ. ನಲವತ್ತು ದಿನ ನಡ್ಕೊಂಡ್ ಓಡಾಡ್ದೆ. ಮಂಡಿ ಈಗ್ಲೂ ನೋಯುತ್ತೆ. ಕೇಸ್ ನಂಬರ್ ತನ್ನಿ, ನೋಡೋಣ."

ಮೂರು ಗಂಟೆಗೆ ಹೆಂಡತಿ ಬಂದಳು. ಆಯಾ ಸಮವಸ್ತ್ರದಲ್ಲೇ ಬಂದಿದ್ದಳು, ಹಿಂದೆ ಅವಳ ತಮ್ಮ. ಮನೆಯಲ್ಲಿ ಏನೇನಾಯಿತೆಂದು ಅವನು ದಾರಿಯುದ್ದಕ್ಕೂ ಹೇಳಿ ಮುಗಿಸಿದ್ದ. ಅವಳು ಕೂಗಾಡಿದ್ದರೆ ಸೀಲಪ್ಪನವರು ಹೇಗೋ ಸಹಿಸಿಕೊಳ್ಳುತ್ತಿದ್ದರು. ಅವಳು ಕೌಂಟರಿನ ಮೇಲೆ ಎರಡೂ ಕೈಯಿಟ್ಟು ಮೆಲ್ಲಗೆ ಕೇಳಿದಳು, "ಎಲ್ಲಿದೆ?"

"ಒಳಗೆ. ಭದ್ರವಾಗಿದೆ."

"ಕೊಡಿ."

"ಆದೇಶ… ನ್ಯಾಯಾಧೀಶರ ಆದೇಶ…"

"ಬೇರೆ ಕಂಪ್ಯೂಟರಲ್ಲಿ ಮಾಡೋಣ ಅಂದ್ರೆ ಸೀಟ್ ನಂಬರಿನ ಪತ್ರ ಫೈಲಲ್ಲಿದೆ, ಫೈಲು ಗಂಟಲ್ಲಿದೆ. ಪ್ರಮಾಣಪತ್ರ ಎಲ್ಲಾ ಲ್ಯಾಪ್‌ಟಾಪಲ್ಲಿದೆ, ಅದೂ ಗಂಟಲ್ಲಿದೆ," ಎಂದ ತಮ್ಮ. "ನಾನೂ ತಲೆ ಕೆಡಿಸ್ಕೊಂಡು ನೋಡ್ದೆ ಅಕ್ಕ. ಭಾವ ಒಂದು ಸಂದಿನೂ ಬಿಟ್ಟಿಲ್ಲ."

ಹೆಂಡತಿ ಗಂಡನ ಮುಖವನ್ನೇ ನೋಡಿದಳು. "ಒಂದ್ ಮಾತು ಕೇಳ್ತೀನಿ, ನಿಜ ಹೇಳಿ. ನಾನು ನರ್ಸ್ ಆಗೋದು ನಿಮಗೆ ಬೇಡ್ವಾ?"

"ಏನೇ ಇದು ಮಾತು!"

"ಹತ್ತೊಂಬತ್ತು ವರ್ಷ ನೆಲ ಒರೆಸಿದೀನಿ. ಮಗು ಅಡ್ಡ ತಿರುಗಿದ್ರೆ ನನಗೆ ಮೊದಲು ಗೊತ್ತಾಗುತ್ತೆ. ಬಾಯ್ಬಿಟ್ಟು ಹೇಳಿದ್ರೆ 'ನೀನು ಬಕೆಟ್ ತಗೊಂಡ್ ಹೋಗಮ್ಮ' ಅಂತಾರೆ. ಇನ್ನೆರಡು ಗಂಟೆ ಕಳೆದ್ರೆ ಸಾಯೋವರೆಗೂ ನಾನು ಬಕೆಟ್ಟೇ ಹೊರಬೇಕು. ಅದಕ್ಕೇ ಕೇಳ್ತಿದೀನಿ. ಬೇಡ್ವಾ?"

ಸೀಲಪ್ಪನವರು ಅರಗು ಮೆತ್ತಿದ ಬೆರಳಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಕಪಾಟಿನ ಮೂರೂ ಬೀಗ ತೆಗೆದು, ಗಂಟು ಹೆಗಲಿಗೇರಿಸಿ, "ಬಾ ನನ್ನ ಜೊತೆ," ಎಂದರು. ಹೆಡ್ ಕ್ಲರ್ಕು, ಆದೇಶವಿಲ್ಲದೆ ಮಾಲು ಹೊಸ್ತಿಲು ದಾಟುತ್ತಿದೆಯೆಂದು ಬೊಬ್ಬೆ ಹಾಕುತ್ತಾ, ಮಂಡಿ ನೋವಿನಲ್ಲೂ ಹಿಂದೆ ಓಡಿದರು.

ನ್ಯಾಯಾಲಯದಲ್ಲಿ ಕಾಂಪೌಂಡ್ ಗೋಡೆಯ ಜಗಳ ನಡೆಯುತ್ತಿತ್ತು. ಅಕ್ಕಪಕ್ಕದ ಮನೆಯವರಿಬ್ಬರು ಗೋಡೆ ಒಂದು ಅಡಿ ಆಚೆ, ಒಂದು ಅಡಿ ಈಚೆ ಎಂದು ಹನ್ನೊಂದು ವರ್ಷದಿಂದ ಹೊಡೆದಾಡುತ್ತಿದ್ದರು. ಅಂದು ಒಬ್ಬರ ವಕೀಲರು ಎದ್ದರೆ ಒಂದು ಗಂಟೆ ಕೂರಲಿಲ್ಲ. ಕೂತ ಕೂಡಲೇ ಇನ್ನೊಬ್ಬರ ವಕೀಲರು ಎದ್ದರು. ಗೋಡೆಯ ಪ್ರತಿ ಇಟ್ಟಿಗೆಯ ವೃತ್ತಾಂತವೂ ಬಂತು. ಬಾಗಿಲಲ್ಲಿ ನಿಂತ ಸೀಲಪ್ಪನವರು ಗಡಿಯಾರ ನೋಡಿದರು. ನಾಲ್ಕು ಹತ್ತು. ನಾಲ್ಕು ಇಪ್ಪತ್ತು. ನಾಲ್ಕು ಇಪ್ಪತ್ತೈದಕ್ಕೆ, ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಕೆಮ್ಮಿಯೂ ಗೊತ್ತಿಲ್ಲದ ಆ ಮನುಷ್ಯ ನಡುವೆ ಹೋಗಿ ನಿಂತು ಕೂಗಿದರು: "ಮೇಡಂ, ನನಗೆ ಆದೇಶ ಬೇಕು!"

ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿದರು. "ಯಾರು, ಮಾಲು ಕೋಣೆಯವರಾ? ಏನದು ಗಂಟು?"

"ಮಾಲು, ಮೇಡಂ."

"ಯಾವ ಕೇಸಿನದು?"

"ಕೇಸ್ ಇಲ್ಲ."

"ಆರೋಪಿ?"

"ಬ್ರೌಸರ್. ಅದನ್ನ ಹಿಡಿಯೋಕಾಗಲ್ವಂತೆ."

"ಮಾಲು ತಂದು ಕೊಟ್ಟವರು?"

"ನಾನು."

"ತೆಗೆದುಕೊಂಡವರು?"

"ನಾನೇ, ಮೇಡಂ."

"ರಸೀದಿ?"

"ಕೊಟ್ಟೆ. ನನಗೆ." ಅವರು ಜೇಬಿನಿಂದ ತೆಗೆದು ತೋರಿಸಿದರು.

ಗೋಡೆಯ ಜಗಳದವರು ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಒಟ್ಟಿಗೆ ನಕ್ಕರು. ನ್ಯಾಯಾಧೀಶೆ ನಗಲಿಲ್ಲ. ಸಮವಸ್ತ್ರದಲ್ಲಿ ನಿಂತಿದ್ದ ಹೆಂಗಸಿನ ಕಡೆ ನೋಡಿ, "ನಿಮ್ಮದೇನಮ್ಮಾ?" ಎಂದರು. ಅವಳು ನಾಲ್ಕೇ ಮಾತಿನಲ್ಲಿ ಹೇಳಿದಳು. ಐದು ಗಂಟೆಗೆ ಏನು ಹೋಗುತ್ತದೆ ಎಂಬುದನ್ನೂ ಹೇಳಿದಳು. ನ್ಯಾಯಾಧೀಶೆ ಗಡಿಯಾರ ನೋಡಿ, ಒಂದು ಚೀಟಿಯ ಮೇಲೆ ಗೀಚಿ, ಗಟ್ಟಿಯಾಗಿ ಓದಿದರು: "ಕೇಸಿಲ್ಲದ ಮಾಲು ಮಾಲೇ ಅಲ್ಲ. ಕೂಡಲೇ ವಾಪಸು ಕೊಡತಕ್ಕದ್ದು."

"ಆದ್ರೆ ಮೇಡಂ," ಸೀಲಪ್ಪನವರ ಬಾಯಿಗೆ ಅಭ್ಯಾಸಬಲದಿಂದ ಬಂದುಬಿಟ್ಟಿತು, "ಸೀಲನ್ನ ಅದೇ ಸಾಕ್ಷಿಗಳ ಎದುರಿಗೇ ಒಡೀಬೇಕು. ಒಬ್ಬ ಅಂಗಡೀಲಿದಾನೆ, ಅಜ್ಜಿ ಎರಡು ಚಿಲಕ ಹಾಕ್ಕೊಂಡು…"

ಹೆಂಡತಿ "ರೀ" ಎಂದಳು. ಅಷ್ಟೇ.

ಸೀಲಪ್ಪನವರು ಗಂಟನ್ನು ವಕೀಲರ ಮೇಜಿನ ಮೇಲೆ ಕುಕ್ಕಿದರು. ಕತ್ತರಿ ಯಾರ ಬಳಿಯೂ ಇರಲಿಲ್ಲ. ಮೇಣದ ದಾರ ಎಳೆದರೆ ಜಪ್ಪಯ್ಯ ಎನ್ನಲಿಲ್ಲ. ಹೊಲಿದವರು ಅವರೇ ತಾನೆ! ಬಗ್ಗಿ ಹಲ್ಲು ಹಾಕಿದರು. ಅರಗು ಚಟಚಟನೆ ಒಡೆದು ನ್ಯಾಯಾಲಯದ ನೆಲದ ಮೇಲೆಲ್ಲ ಚೆಲ್ಲಿತು. ಒಂದು ಸೀಲು, ಎರಡು ಸೀಲು. ತುಟಿಯೆಲ್ಲ ಕೆಂಪಾಯಿತು. ಗೋಡೆಯ ಜಗಳದವರಲ್ಲಿ ಒಬ್ಬರು ಬಟ್ಟೆಯ ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಜಗ್ಗಿದರು. "ನಿಮ್ಮ ಕಡೆ ಸ್ವಲ್ಪ ಬಿಡ್ರೀ!" "ನೀವೇ ಬಿಡಿ ಮೊದಲು!" ಎಂಬ ಮಾತು ನಡೆಯುವಾಗ ಏಳನೆಯ ಸೀಲು ಹಾರಿತು.

ಭಾವಮೈದುನ ತನ್ನ ಫೋನಿನಿಂದ ಇಂಟರ್‌ನೆಟ್ ಹಂಚಿಕೊಟ್ಟ. ಲ್ಯಾಪ್‌ಟಾಪ್ ಆಮೆಯ ಹಾಗೆ ಎದ್ದಿತು. ನಾಲ್ಕು ನಲವತ್ತೆಂಟು. ಒಪ್ಪಿಗೆಯ ಪುಟ ಬಂತು ಎನ್ನುವಷ್ಟರಲ್ಲಿ ಅದರ ಮುಂದೆಯೇ ಒಂದು ಚೌಕ ಎದ್ದು ನಿಂತಿತು: "'ದ್ವಾರಪಾಲ' ಇನ್ನು ಕೆಲಸ ಮಾಡುವುದಿಲ್ಲ. ತೆಗೆದುಹಾಕಬೇಕೇ?"

ಹೆಂಡತಿಯ ಕೈ ನಿಂತಿತು. ಅವಳು ಗಂಡನ ಕಡೆ ನೋಡಿದಳು. ಹೆಡ್ ಕ್ಲರ್ಕೂ ನೋಡಿದರು, ವಕೀಲರೂ ನೋಡಿದರು.

ಸೀಲಪ್ಪನವರು ಬೆರಳು ಚಾಚಿ ತಾವೇ ಒತ್ತಿದರು. "ಹೋಗ್ಲಿ ಬಿಡೇ," ಎಂದರು. "ಕಳ್ಳ ಬಂದ್ರೆ ನಾನು ನೋಡ್ಕೋತೀನಿ. ನೀನು ಒತ್ತು."

ಅವಳು ಸೀಟ್ ನಂಬರು ಹಾಕಿದಳು, ಪ್ರಮಾಣಪತ್ರ ಏರಿಸಿದಳು, ಗುಂಡಿ ಒತ್ತಿದಳು. ಒಂದು ಸಣ್ಣ ಚಕ್ರ ತಿರುಗಿತು, ತಿರುಗಿತು, ಇನ್ನೂ ತಿರುಗಿತು. ಹಾಳಾದ್ದು ನಿಲ್ಲಲೇ ಇಲ್ಲ. ನಾಲ್ಕು ಐವತ್ತಾರಕ್ಕೆ ನಿಂತು, "ನಿಮ್ಮ ಸೀಟು ಖಚಿತವಾಗಿದೆ" ಎಂದು ಬರೆಯಿತು. ಅವಳು ಹರಿದ ಹೊದಿಕೆಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತುಬಿಟ್ಟಳು. ನ್ಯಾಯಾಧೀಶೆ ಮೇಜು ಕುಟ್ಟಲು ಎತ್ತಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಕೇಸಿಲ್ಲದ ಗಂಟು ಒಳಗೆ ತಗೊಂಡಿದ್ದಕ್ಕೆ ಇವತ್ತೇ ಲಿಖಿತ ವಿವರಣೆ ಕೊಡಿ," ಎಂದರು ಸೀಲಪ್ಪನವರಿಗೆ. "ಮೊದಲು ಬಾಯಿ ತೊಳ್ಕೊಳ್ಳಿ."

ಐದೂಕಾಲಿಗೆ ಸೀಲಪ್ಪನವರು ವಿವರಣೆಯ ಹಾಳೆ ತಂದು ಹೆಡ್ ಕ್ಲರ್ಕರ ಮುಂದಿಟ್ಟರು. ಹೆಡ್ ಕ್ಲರ್ಕು ಕನ್ನಡಕ ಹಾಕಿ ಓದಿದರು. ಮೂರೇ ಸಾಲು: "ಹೆದರಿಕೊಂಡಿದ್ದೆ. ತಪ್ಪು ಪೂರ್ತಿ ನನ್ನದು. ನನ್ನ ಹೆಂಡತಿಗೆ ನರ್ಸಿಂಗ್ ಸೀಟು ಸಿಕ್ಕಿದೆ."

"ಈ ಮೂರನೇ ಸಾಲು ವಿವರಣೆಗೆ ಸಂಬಂಧಪಟ್ಟಿದ್ದಲ್ಲ ಕಣ್ರೀ," ಎಂದರು ಹೆಡ್ ಕ್ಲರ್ಕು, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಹೊಡೆದುಹಾಕ್ತೀನಿ."

ಸೀಲಪ್ಪನವರು ಹಾಳೆಯ ಮೇಲೆ ಅಂಗೈ ಊರಿದರು. "ಬೇಕಾದ್ರೆ ಮೇಲಿನ ಎರಡು ಹೊಡೆದುಹಾಕಿ ಸಾರ್. ಅದನ್ನ ಮುಟ್ಟಬೇಡಿ."